ಮಾತ್ರೆಯ ಮಡಿ

ನಾನು ಮಡಿ ಹೆಂಗಸು ಅಂತ ಎನ್.ಆರ್. ಕಾಲೋನಿಗೆಲ್ಲ ಗೊತ್ತು. ನಮ್ಮನೇಲಿ ಹಾಲಿನ ಪ್ಯಾಕೆಟ್ಟಿಗೂ ಮೊದಲು ನಲ್ಲಿ ಕೆಳಗೆ ಸ್ನಾನ, ಆಮೇಲೆ ಅಡಿಗೆಮನೆ ಪ್ರವೇಶ. ಬೆಳಿಗ್ಗೆ ನಾನು ಸ್ನಾನ ಮಾಡಿ ಮಡಿ ಸೀರೆ ಉಟ್ಟೆ ಅಂದ್ರೆ, ಅಡಿಗೆ ಮುಗಿದು ದೇವರಿಗೆ ನೈವೇದ್ಯ ಆಗೋವರೆಗೂ ಯಾರೂ ನನ್ನನ್ನ ಮುಟ್ಟೋ ಹಾಗಿಲ್ಲ. ಮಗಳು ಸುಪ್ರಜಾ ಚಿಕ್ಕೋಳಿದ್ದಾಗ ಸ್ಕೂಲಿಗೆ ಹೊರಡೋ ಮುಂಚೆ ಹೊಸ್ತಿಲಾಚೆ ನಿಂತು ನನಗೆ ಟಾಟಾ ಮಾಡೋಳು. ತಬ್ಕೊಳ್ಳೋದು, ಮುದ್ದು ಮಾಡೋದು ಎಲ್ಲಾ ಅವರಪ್ಪನ ಇಲಾಖೆ.

ಈ ಮಡಿಯೇ ನನ್ನ ಕೈಲಿ ಒಂದು ದೊಡ್ಡ ತಪ್ಪು ಮಾಡಿಸ್ತು. ಹೇಳ್ಬಿಡ್ತೀನಿ, ಹೊಟ್ಟೇಲಿಟ್ಕೊಂಡು ಸಾಯೋದು ಬೇಡ.

ನಮ್ಮನೆಯವರು ಶ್ರೀನಿವಾಸಯ್ಯ. ಬೀದಿಯವರ ಬಾಯಲ್ಲಿ ಶೀನಣ್ಣ. ಗಾಂಧಿ ಬಜಾರಿನ ಹತ್ರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಕೊಂಡು ಮೂವತ್ತು ವರ್ಷ ಹುಡುಗ ಹುಡುಗೀರಿಗೆ ಟೈಪಿಂಗ್ ಕಲಿಸಿದ್ರು. "ಕಣ್ಣು ಕೀ ಮೇಲೆ ಬೇಡಮ್ಮ, ಬೆರಳಿಗೆ ಗೊತ್ತಾಗ್ಬೇಕು" ಅನ್ನೋದು ಅವರ ಪಾಠ. ಕಂಪ್ಯೂಟರ್ ಬಂದ ಮೇಲೆ ಇನ್‌ಸ್ಟಿಟ್ಯೂಟ್ ಮುಚ್ಚಿ, ಮೆಷಿನ್‌ಗಳನ್ನ ಗುಜರಿಗೆ ಹಾಕಿ, ಒಂದನ್ನ ಮಾತ್ರ ಮನೆಗೆ ಹೊತ್ಕೊಂಡು ಬಂದ್ರು. 2002ನೇ ಇಸವಿ ಕಾರ್ತಿಕ ಮಾಸ. ಮಾರನೇ ದಿನ ಬೆನ್ನು ನೋವು ಅಂದ್ರು. "ಆ ಕಬ್ಬಿಣದ ರಾಶಿ ಹೊತ್ರೆ ಇನ್ನೇನಾಗುತ್ತೆ" ಅಂತ ಬೈದೆ, ಎಣ್ಣೆ ತಿಕ್ಕಿದೆ. ನೋವು ಹೋಗಲಿಲ್ಲ. ಮುಖ ಬಿಳಿಚ್ಕೊಳ್ತು. ಎಕ್ಸ್‌ರೇ ತೆಗೆಸಿದ್ರೆ ಬೆನ್ನುಮೂಳೇಲಿ ತೂತು. ಕೊನೆಗೆ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದು ನೋಡಿ, ಮಲ್ಟಿಪಲ್ ಮೈಲೋಮಾ ಅಂದ್ರು. ರಕ್ತದ್ದೇ ಒಂದು ಥರ ಕ್ಯಾನ್ಸರ್.

ಡಾಕ್ಟರ್ ಮನೋಹರ್ ಅಂತ, ಚಾಮರಾಜಪೇಟೆಯ ಹುಡುಗ, ತುಂಬಾ ತಾಳ್ಮೆ. ಹಾಳೆ ಮೇಲೆ ಸೊನ್ನೆ ಸೊನ್ನೆ ಬರೆದು ತೋರಿಸಿದ್ರು. ನಮ್ಮ ಮಜ್ಜೇಲಿ ರೋಗದ ವಿರುದ್ಧ ಪ್ರೋಟೀನ್ ಮಾಡೋ ಕಣ ಇರ್ತವಂತೆ. ಅದರಲ್ಲಿ ಒಂದು ಕೆಟ್ಟು, ತನ್ನಂಥದ್ದೇ ಕೋಟಿ ಮಾಡ್ಕೊಂಡು, ಕೆಲಸಕ್ಕೆ ಬಾರದ ಒಂದೇ ಪ್ರೋಟೀನ್ ಸುರಿಸ್ತಾ ಕೂತ್ಕೊಳ್ಳುತ್ತಂತೆ. "ಆದ್ರೆ ಅದು ಒಂಟಿಯಾಗಿ ಬದುಕಲ್ಲಮ್ಮ. ಪಕ್ಕದ ಒಳ್ಳೆ ಕಣಗಳನ್ನ ತಬ್ಕೊಂಡೇ ಇರುತ್ತೆ. ಪಾಪ, ಅವು ಇದಕ್ಕೆ ಊಟ ಕೊಡ್ತವೆ, ಬೆಳಿ ಅಂತ ಸಂದೇಶ ಕೊಡ್ತವೆ. ಔಷಧಿ ಬಂದಾಗ್ಲೂ ಆ ತಬ್ಕೊಂಡಿರೋದೇ ಇದನ್ನ ಕಾಪಾಡುತ್ತೆ" ಅಂದ್ರು.

ಮೊದಲು ಕೊಟ್ಟ ಮಾತ್ರೆ ಅಷ್ಟಾಗಿ ಹಿಡೀಲಿಲ್ಲ. ಮುಂದಿನ ಜೂನ್‌ನಲ್ಲಿ ಥ್ಯಾಲಿಡೋಮೈಡ್ ಅಂತ ಬೇರೆ ಶುರು ಮಾಡಿದ್ರು. ಆ ತಬ್ಬಿದ ಕೈ ಬಿಡಿಸುತ್ತೆ, ಅದಕ್ಕೆ ರಕ್ತ ಹೋಗೋ ದಾರೀನೂ ಕಟ್ಟುತ್ತೆ ಅಂದ್ರು. ಆಮೇಲೆ ಮುಖ ಗಂಭೀರ ಮಾಡ್ಕೊಂಡು ಇನ್ನೊಂದು ಮಾತು ಹೇಳಿದ್ರು. ನಲವತ್ತು ವರ್ಷದ ಹಿಂದೆ ಹೊರದೇಶಗಳಲ್ಲಿ ಇದೇ ಔಷಧೀನ ಬಸುರೀರಿಗೆ ವಾಂತಿ ನಿಲ್ಲೋಕೆ ಅಂತ ಕೊಟ್ಟು, ಸಾವಿರಾರು ಮಕ್ಕಳು ಕೈಕಾಲು ಬೆಳೀದೆ ಹುಟ್ಟಿದ್ವಂತೆ. "ಮನೇಲಿ ಬಸುರೀರು ಇದ್ರೆ ಈ ಮಾತ್ರೆ ಮುಟ್ಟಬಾರದು" ಅಂದ್ರು. ಡಬ್ಬದ ಮೇಲೆ ಬಸುರಿ ಹೆಂಗಸಿನ ಚಿತ್ರ, ಅದರ ಮೇಲೆ ಕೆಂಪು ಗೀಟು.

ಮಾತ್ರೆ ಹಿಡೀತು. ಎರಡು ತಿಂಗಳಿಗೆ ಆ ಕೆಟ್ಟ ಪ್ರೋಟೀನ್ ಅರ್ಧಕ್ಕರ್ಧ ಇಳೀತು, ಬೆನ್ನು ನೋವು ತಗ್ಗಿ ಗಣೇಶನ ಹಬ್ಬಕ್ಕೆ ಅವರೇ ನಡ್ಕೊಂಡು ಹೋಗಿ ಗರಿಕೆ ತಂದ್ರು. ಅವತ್ತೇ ಮತ್ತಿಕೆರೆಯಿಂದ ಸುಪ್ರಜಾ ಫೋನು. "ಅಮ್ಮಾ, ಎರಡು ತಿಂಗಳು."

ಮದುವೆಯಾಗಿ ಆರು ವರ್ಷ ಆಗಿತ್ತು ಅವಳಿಗೆ. ಎರಡು ಸಲ ನಿಂತು ಎರಡು ಸಲವೂ ಹೋಗಿತ್ತು. ನಮ್ಮನೆಯವರು ಪಕ್ಕದಲ್ಲೇ ನಿಂತು, "ಏನಂತೆ, ಏನಂತೆ" ಅಂತ ಕುಣೀತಿದ್ರು. ನಾನು ರಿಸೀವರ್ ಕೊಡಲಿಲ್ಲ. ನನ್ನ ಕಣ್ಣ ಮುಂದೆ ಡಬ್ಬದ ಮೇಲಿನ ಆ ಕೆಂಪು ಗೀಟು ಬಂದು ನಿಂತಿತ್ತು.

ಮುಟ್ಟಬಾರದು ಅನ್ನೋ ಮಾತು ನನ್ನಂಥವಳ ಕಿವಿಗೆ ಬಿದ್ರೆ ಏನಾಗುತ್ತೆ ಹೇಳಿ. ಮಾತ್ರೆ ಮೈಲಿಗೆ ಅಂದ ಮೇಲೆ ಮಾತ್ರೆ ನುಂಗಿದೋರು ಮೈಲಿಗೆ ಅಲ್ವಾ? ಅವರ ತಟ್ಟೆ, ಟವೆಲ್, ಬೆವರು, ಕೂತ ಕುರ್ಚಿ? ನಲವತ್ತು ವರ್ಷ ಹಾಗೇ ಲೆಕ್ಕ ಹಾಕ್ಕೊಂಡು ಬಂದೋಳು ನಾನು, ಇದನ್ನೂ ಹಾಗೇ ಹಾಕ್ದೆ. "ಅಪ್ಪನ ಔಷಧಿ ನಿಲ್ಲೋವರೆಗೂ ನೀನು ಈ ಮನೆ ಹೊಸ್ತಿಲು ತುಳೀಬೇಡ. ಅವರೂ ಅಲ್ಲಿಗೆ ಬರಲ್ಲ" ಅಂದೆ.

"ಡಾಕ್ಟ್ರನ್ನ ಕೇಳಿದ್ಯಾ ಅಮ್ಮ?" ಅಂದ್ಲು.

"ಕೇಳ್ದೆ" ಅಂದೆ. ಸುಳ್ಳು. ಕೇಳೋದೇನಿದೆ ಇದರಲ್ಲಿ ಅನ್ನೋ ಜಂಬ ನನಗೆ.

ಅವತ್ತಿಂದ ಮಾತ್ರೇನ ಇಕ್ಕಳದಲ್ಲಿ ಹಿಡಿದು ಅವರ ಅಂಗೈಗೆ ಹಾಕ್ತಿದ್ದೆ. ಅವರ ಬಟ್ಟೆಗೆ ಬೇರೆ ಬಕೆಟ್ಟು, ಒಣಹಾಕೋಕೆ ಬೇರೆ ಹಗ್ಗ. ಅವರು ನಕ್ಕು, "ಅಲ್ವೇ ವಿಶಾಲು, ಇಷ್ಟು ವರ್ಷ ಪ್ರಪಂಚವೆಲ್ಲ ಮೈಲಿಗೆ ಆಗಿ ನಾನೊಬ್ಬ ಉಳ್ಕೊಂಡಿದ್ದೆ. ಈಗ ನನ್ನ ಸರದೀನೂ ಬಂತಾ?" ಅಂದ್ರು. ತಮಾಷೆ ಅಂದ್ಕೊಂಡು ನಾನೂ ನಕ್ಕೆ. ಥೂ ನನ್ನ ಬುದ್ಧಿಗಿಷ್ಟು!

ಚೊಚ್ಚಲ ಹೆರಿಗೆಗೆ ತವರಿಲ್ಲ. ನಾನು ಮಾತ್ರ ವಾರಕ್ಕೊಂದು ಸಲ ಹೋಗೋಳು. ಮನೇಲಿ ಒಂದು ಸ್ನಾನ, ಮತ್ತಿಕೆರೇಲಿ ಬೀಗಿತ್ತಿ ಕಾವೇರಮ್ಮನ ಬಚ್ಚಲಲ್ಲಿ ಇನ್ನೊಂದು ಸ್ನಾನ, ಅವರ ಸೀರೆ ಉಟ್ಟು ಆಮೇಲೆ ಮಗಳ ಹತ್ರ. ನಾನು ವಾಪಸ್ ಬರೋ ಹೊತ್ತಿಗೆ ಇವರು ಗೇಟಿಗೆ ಒರಗಿ ನಿಂತಿರೋರು. "ಊಟ ಸೇರುತ್ತಂತಾ? ಮುಖ ಹೇಗಿದೆ? ಜಡೆ ಹಾಕ್ಕೊಂಡಿದ್ಲಾ, ಗಂಟು ಕಟ್ಟಿದ್ಲಾ?" ಜಡೆ ವಿಷಯ ಯಾಕ್ರೀ ನಿಮಗೆ ಅಂತ ರೇಗ್ತಿದ್ದೆ. ನೋಡೋಕೆ ಸಿಗದೇ ಇದ್ದೋರಿಗೆ ಜಡೇನೂ ಬೇಕಾಗುತ್ತೆ ಅಂತ ನನಗೆ ಹೊಳೀಲಿಲ್ಲ.

ಸಂಕ್ರಾಂತಿ ಆದ ಮೇಲೆ ಸೀಮಂತ. ಮಗಳ ತಲೆ ಮೇಲೆ ಕೈಯಿಟ್ಟು ಹರಸಬೇಕಾದ ಅಪ್ಪ ಮನೇಲಿ ಒಬ್ಬರೇ ಮೊಸರನ್ನ ತಿಂದ್ಕೊಂಡು ಕೂತಿದ್ರು. ಅಕ್ಷತೇನ ಪೊಟ್ಟಣ ಕಟ್ಟಿ ಕಳಿಸ್ತೀನಿ ಅಂದ್ರು. ಅದನ್ನೂ ಬೇಡ ಅಂದೆ, ಅವರ ಕೈ ಮುಟ್ಟಿದ ಅಕ್ಕಿ ಅಂತ.

ಅದಾಗಿ ಎರಡು ವಾರಕ್ಕೆ ಅವರ ಷರಟು ಒಗೆಯೋವಾಗ ಜೇಬಲ್ಲಿ ಬಸ್ ಟಿಕೆಟ್ಟು ಸಿಕ್ತು. ಲೈಬ್ರರಿಗೆ ಹೋಗ್ತೀನಿ ಅಂದೋರು ಮತ್ತಿಕೆರೆಗೆ ಹೋಗಿದ್ರು. ನಾನು ಬೀದಿಗೆ ಕೇಳೋ ಹಾಗೆ ಕೂಗಾಡಿದೆ. ಅವರು ಪಾಪ, ತಪ್ಪು ಮಾಡಿದ ಮಗು ಥರ ನಿಂತ್ಕೊಂಡು, "ಹತ್ರ ಹೋಗ್ಲಿಲ್ಲ ಕಣೇ. ಎದುರುಗಡೆ ಇಸ್ತ್ರಿ ಗಾಡಿ ಹತ್ರ ನಿಂತಿದ್ದೆ. ತಾರಸಿ ಮೇಲೆ ಬಟ್ಟೆ ಹರವ್ತಿದ್ಲು. ಗಾಳಿ ನನ್ನ ಕಡೆಯಿಂದ ಅವಳ ಕಡೆ ಬೀಸ್ತಿರಲಿಲ್ಲ, ನೋಡ್ಕೊಂಡೇ ನಿಂತೆ" ಅಂದ್ರು.

ಗಾಳಿ ನೋಡ್ಕೊಂಡು ನಿಂತಿದ್ರಂತೆ! ಆಗ್ಲಾದ್ರೂ ನನ್ನ ಹೊಟ್ಟೆ ಚುರ್ ಅನ್ನಬೇಕಿತ್ತು. ಅನ್ನಲಿಲ್ಲ. "ಇನ್ನೊಂದ್ಸಲ ಹೋದ್ರೆ ನನ್ನ ಮೇಲಾಣೆ" ಅಂದೆ. ಮತ್ತೆ ಹೋಗಲಿಲ್ಲ ಅವರು.

ಅಷ್ಟು ಹೊತ್ತಿಗೆ ಮಾತ್ರೆಯ ಇನ್ನೊಂದು ಕಾಟ ಶುರುವಾಗಿತ್ತು. ದೀಪಾವಳಿ ಹೊತ್ತಿಗೆ ಬೆರಳ ತುದಿ ಜುಮ್ ಅಂತಿದೆ ಅಂದೋರು, ಶಿವರಾತ್ರಿ ಹೊತ್ತಿಗೆ ಷರಟಿನ ಗುಂಡಿ ಹಾಕ್ಕೊಳ್ಳೋಕೆ ಆಗದೆ ನನ್ನ ಮುಂದೆ ಬಂದು ನಿಲ್ಲೋರು. ಡಾಕ್ಟ್ರು ಮಾತ್ರೆ ಕಮ್ಮಿ ಮಾಡಿದ್ರು, ಜೋಮು ಕಮ್ಮಿಯಾಗಲಿಲ್ಲ. ಮೆಷಿನ್ ಮುಂದೆ ಕೂತು ಸುಪ್ರಜಾಗೆ ಕಾಗದ ಹೊಡೆಯೋಕೆ ಹೋಗಿ, ಕೀ ಎಲ್ಲಿದೆ ಅಂತ ಬಗ್ಗಿ ಬಗ್ಗಿ ನೋಡ್ತಿದ್ರು.

ಯುಗಾದಿ ಆಗಿ ನಾಲ್ಕನೇ ದಿನ ಹೆಣ್ಣು ಮಗು. ನಾನು ಮೊದಲು ಮಾಡಿದ ಕೆಲಸ ಬೆರಳು ಎಣಿಸಿದ್ದು. ಕೈಯಲ್ಲಿ ಹತ್ತು, ಕಾಲಲ್ಲಿ ಹತ್ತು. ಎರಡು ಸಲ ಎಣಿಸಿದೆ. ನೋಡಿದ್ರಾ, ನಾನು ಕಾಪಾಡಿದೆ ಅಂತ ಬೀಗಿದೆ. ಮಧುರಾ ಅಂತ ಹೆಸರಿಟ್ರು. ಹೆಸರನ್ನ ಅಜ್ಜ ಕಿವೀಲಿ ಹೇಳ್ಲಿ ಅಂತ ಅಳಿಯ ಕಶ್ಯಪ್ ಫೋನನ್ನ ಮಗುವಿನ ಕಿವಿಗೆ ಹಿಡಿದ್ರು. ಮನೆಯಿಂದಲೇ ಇವರು ಮೂರು ಸಲ ಹೇಳಿದ್ರು. ಹಾಲೂಡೋ ಬಾಣಂತಿ ಅಂತ ನನ್ನ ಮಡಿ ಇನ್ನೂ ಸಡಿಲ ಆಗಿರಲಿಲ್ಲ.

ಏಪ್ರಿಲ್ ಕೊನೇಲಿ ರಕ್ತದ ರಿಪೋರ್ಟ್ ಬಂತು. ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಾರಲ್ಲ, ಇಳಿದಿದ್ದ ಪ್ರೋಟೀನ್ ಮೊದಲಿಗಿಂತ ಮೇಲೆ ಹೋಗಿತ್ತು. "ಮಾತ್ರೆ ಇನ್ನು ಕೆಲಸ ಮಾಡ್ತಿಲ್ಲ" ಅಂದ್ರು ಡಾಕ್ಟ್ರು. ಯಾಕೆ ಅಂದೆ. "ಸೊಳ್ಳೆ ಬತ್ತಿ ಥರ ಅಮ್ಮ. ಮೊದಮೊದಲು ಸಾಯ್ತವೆ. ಸಾವಿರದಲ್ಲಿ ಒಂದೆರಡು ಗಟ್ಟಿ ಇರ್ತವೆ ನೋಡಿ, ಉಳಿದವೆಲ್ಲ ಸತ್ತಾಗ ಜಾಗ ಅವಕ್ಕೇ ಸಿಗುತ್ತೆ. ಆಮೇಲೆ ಹುಟ್ಟೋದೆಲ್ಲ ಅವುಗಳ ಸಂತಾನ. ಈ ಕಣಗಳೂ ಹಾಗೇ. ಕೆಲವು ಔಷಧೀನ ತಡ್ಕೊಳ್ಳೋದು ಕಲಿತವೆ, ಕೆಲವು ಪಕ್ಕದವನ್ನ ಇನ್ನೂ ಗಟ್ಟಿಯಾಗಿ ತಬ್ಕೊಂಡಿವೆ" ಅಂದ್ರು. ಬೇರೆ ಔಷಧಿ ನೋಡೋಣ, ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ ಅನ್ನೋದನ್ನೂ ಮೆಲ್ಲಗೆ ಹೇಳಿದ್ರು.

ಇವರ ಮುಖ ನೋಡ್ತೀನಿ, ದೀಪ ಹಚ್ಚಿದ ಹಾಗೆ ಬೆಳಗ್ತಿದೆ!

"ಹಾಗಾದ್ರೆ ಈ ಮಾತ್ರೆ ನಿಲ್ಲಿಸ್ತೀರಾ ಡಾಕ್ಟ್ರೇ?"

"ನಿಲ್ಲಿಸ್ಲೇಬೇಕು ಸಾರ್."

"ಎಷ್ಟು ದಿನಕ್ಕೆ ಮೈಯಿಂದ ಹೋಗುತ್ತೆ? ಮಗಳನ್ನ ಯಾವತ್ತು ಮನೆಗೆ ಕರೀಬೋದು? ಮೊಮ್ಮಗು ಹುಟ್ಟಿದೆ. ನೋಡಿಲ್ಲ ನಾನು. ಮಗಳನ್ನೂ ಹತ್ರದಿಂದ ನೋಡಿ ಎಂಟು ತಿಂಗಳಾಯ್ತು."

ಡಾಕ್ಟ್ರು ಪೆನ್ನು ಕೆಳಗಿಟ್ರು. "ಯಾಕೆ ನೋಡಿಲ್ಲ? ಯಾರು ಬೇಡ ಅಂದೋರು? ಮಾತ್ರೆ ಮುಟ್ಟಬಾರದು ಅಂದಿದ್ದೆ, ಅಷ್ಟೇ. ಮಗಳು ಬಂದು ನಿಮ್ಮ ಪಕ್ಕ ಕೂರ್ಬೋದಿತ್ತು, ಕೈ ಹಿಡ್ಕೋಬೋದಿತ್ತು. ಮಗೂನ ಹುಟ್ಟಿದ ದಿನವೇ ಎತ್ಕೋಬೋದಿತ್ತಲ್ಲ ಸಾರ್!"

ನಾನು ನೆಲ ನೋಡಿದೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಪಕ್ಕದಿಂದ ಅವರ ಧ್ವನಿ ಕೇಳಿಸ್ತು. "ನಾನೇ ತಪ್ಪು ತಿಳ್ಕೊಂಡೆ ಡಾಕ್ಟ್ರೇ. ನಮ್ಮನೆಯವಳು ಪಾಪ, ನಾನು ಹೇಳಿದ ಹಾಗೆ ಕೇಳಿದ್ಲು."

ಆಟೋದಲ್ಲಿ ಕೂತ ಮೇಲೆ ನನ್ನಿಂದ ತಡೆಯೋಕಾಗಲಿಲ್ಲ. "ಬೈಯ್ರಿ ನನ್ನನ್ನ. ಎರಡೇಟು ಹೊಡೆದುಬಿಡಿ" ಅಂತ ಅತ್ತೆ. ಅವರು ನನ್ನ ಕೈ ಮೇಲೆ ಕೈಯಿಟ್ರು. "ನಾನೂ ಕೇಳ್ಬೋದಿತ್ತು ವಿಶಾಲು. ಬಾಯಿ ತುದಿಗೆ ಬರ್ತಿತ್ತು. ಹೌದು, ನೋಡ್ಬಾರದು ಅಂತ ಅವರೂ ಅಂದ್ಬಿಟ್ರೆ? ಕೇಳದೇ ಇದ್ರೆ ಇವತ್ತಲ್ಲ ನಾಳೆ ನೋಡ್ಬೋದು ಅಂತ ಆಸೆಯಾದ್ರೂ ಇರ್ತಿತ್ತು" ಅಂದ್ರು. ಆ ಹಾಳು ಕಣಕ್ಕೂ ತಬ್ಕೊಳ್ಳೋಕೆ ಪಕ್ಕದಲ್ಲಿ ಯಾರಾದ್ರೂ ಇದ್ರು. ಇವರಿಗೆ ನಾನು ಅದೂ ಇಲ್ಲದ ಹಾಗೆ ಮಾಡಿದ್ದೆ.

ಮಾರನೇ ದಿನವೇ ಕಶ್ಯಪ್ ಸುಪ್ರಜಾನ್ನೂ ಮಗೂನ್ನೂ ಕರ್ಕೊಂಡು ಬಂದ್ರು. ಇವರು ಆರು ಗಂಟೆಗೇ ಶೇವ್ ಮಾಡ್ಕೊಂಡು, ಇಸ್ತ್ರಿ ಷರಟಿಗೆ ನನ್ನ ಕೈಲಿ ಗುಂಡಿ ಹಾಕಿಸ್ಕೊಂಡು, ಹಜಾರದ ಕುರ್ಚೀಲಿ ಕೂತಿದ್ರು. ನಾನು ಮಡಿ ಉಟ್ಟು ಹೆಸರುಬೇಳೆ ಪಾಯಸಕ್ಕೆ ಇಟ್ಟಿದ್ದೆ. ಮೊಮ್ಮಗಳು ಮೊದಲ ಸಲ ಬರ್ತಿದಾಳೆ, ದೇವರಿಗೆ ನೈವೇದ್ಯ ಆಗಬೇಡ್ವಾ?

ಸುಪ್ರಜಾ ಒಳಗೆ ಬಂದವಳೇ ಅವರ ಕಾಲಿಗೆ ಬಿದ್ಲು. ಅವರು ಅವಳ ತಲೆ ಮೇಲೆ ಕೈಯಿಟ್ಟು ಎಷ್ಟು ಹೊತ್ತಾದ್ರೂ ತೆಗೀಲಿಲ್ಲ. "ಜಡೆ ಹಾಕ್ಕೊಂಡಿದೀಯ" ಅಂದ್ರು. ಟೊಳ್ಳು ಮೂಳೆಗೆ ಭಾರ ಆಗ್ಬಾರದು ಅಂತ ತೊಡೆ ಮೇಲೆ ದಿಂಬಿಟ್ಟು, ಅದರ ಮೇಲೆ ಮಗೂನ ಮಲಗಿಸಿದ್ಲು.

ಅವರು ಬಗ್ಗಿ ಮಗುವಿನ ಪಾದಾನ ಬೆರಳಲ್ಲಿ ಸವರಿದ್ರು. ಇನ್ನೊಂದು ಸಲ ಸವರಿದ್ರು. ಬೆರಳು ಬದಲಾಯಿಸಿ ಮತ್ತೆ ಸವರಿದ್ರು. ಮುಖ ಸಣ್ಣದಾಯ್ತು.

"ಏನಾಯ್ತಪ್ಪ?" ಅಂದ್ಲು ಸುಪ್ರಜಾ.

ಅವರು ಅವಳನ್ನ ನೋಡಲಿಲ್ಲ. ಅಡಿಗೆಮನೆ ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನ ನೋಡಿದ್ರು. "ವಿಶಾಲು, ಬೆರಳಿಗೆ ಏನೂ ಗೊತ್ತಾಗ್ತಿಲ್ಲ ಕಣೇ" ಅಂದ್ರು.

ಎಂಟು ತಿಂಗಳಲ್ಲಿ ಒಂದು ಸಲವೂ ನನ್ನ ಮೇಲೆ ದೂರು ಹೇಳದೇ ಇದ್ದೋರು. ಇದೂ ದೂರಲ್ಲ. ಆದ್ರೆ ನನ್ನ ಎದೆ ಒಡೆದು ಹೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ಇವರಿಗೆ ಕೈಗೆ ಬಂದಿದ್ದು ಕೈಗೇ ಬರಲಿಲ್ಲ.

ಹೊಸ್ತಿಲು ದಾಟಿದೆ. "ಅಮ್ಮ, ಮಡಿ…" ಅಂದ್ಲು ಸುಪ್ರಜಾ, ಅಭ್ಯಾಸ ಬಲ. "ಮಡಿಗೆ ಬೆಂಕಿ ಬೀಳ್ಲಿ" ಅಂದೆ. ಮಗೂನ ಎರಡು ಕೈಲಿ ಎತ್ತಿ, ಅದರ ಪುಟ್ಟ ಪಾದ ಎರಡನ್ನೂ ಅವರ ಕೆನ್ನೆಗೆ ಒತ್ತಿ ಹಿಡಿದೆ. ಅದು ಒದೀತು. ಅವರು ಕಣ್ಣು ಮುಚ್ಕೊಂಡ್ರು.

"ಗೊತ್ತಾಗ್ತಿದೆಯಾ?" ಅಂದೆ.

"ಬೆಚ್ಚಗಿದೆ. ಒದೀತಿದಾಳೆ" ಅಂದ್ರು. "ಇನ್ನೊಂಚೂರು ಹೊತ್ತು ಹಾಗೇ ಹಿಡ್ಕೋ ವಿಶಾಲು. ತಕ್ಷಣ ತೆಗೀಬೇಡ."

ಒಳಗೆ ಪಾಯಸ ಸೀದ ವಾಸನೆ ಬಂತು. ನಾನು ಹಿಡ್ಕೊಂಡೇ ನಿಂತಿದ್ದೆ.