ದೋಣಿ ಹೊರಗಿರುವಾಗ

ಬೆಳಂಬಾರದ ಕಡಲಂಚಿನ ಮನೆಗಳಲ್ಲಿ, ದೋಣಿ ಹೊರಗಿದ್ದಾಗ ಹೆಂಗಸರು ಸುಖವಾಗಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಗಿದ್ದೀರಿ ಎಂದು ಕೇಳಿದರೆ, ಆಗಷ್ಟೇ ಬಂಗಡೆ ಸಾರಿನಲ್ಲಿ ಹೊಟ್ಟೆ ಬಿರಿಯೆ ಉಂಡು ಕೈ ತೊಳೆದವಳೂ ಮುಖ ಸಣ್ಣದು ಮಾಡಿ, "ಎಂತಾ ಹೇಳೂದು, ನಡೀತದೆ" ಎನ್ನುತ್ತಾಳೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹೇಳಿಕೊಡದೆ ಇದ್ದದ್ದಕ್ಕೇ ಪೂರ್ಣಿಮಾ ಸಿಕ್ಕಿಬಿದ್ದಳು.

ಅವಳದೂ ಮೀನುಗಾರರ ಕುಲವೇ. ಆದರೆ ಹುಟ್ಟಿ ಬೆಳೆದದ್ದು ಕಾರವಾರ ಪೇಟೆಯಲ್ಲಿ. ಅಪ್ಪ ಐಸ್ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದವರು. ಸಂಜೆಯಾದರೆ ಮನೆಗೆ ಬಂದೇ ಬರುತ್ತಿದ್ದರು. ಒಂದು ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು. ಅಂಥ ಮನೆಯಲ್ಲಿ ಖುಷಿಯನ್ನು ಮುಚ್ಚಿಡುವ ದರ್ದು ಯಾರಿಗಿತ್ತು? ಕಳೆದ ಬೇಸಿಗೆಯಲ್ಲಿ ಜಗದೀಶನ ಕೈ ಹಿಡಿದು ಬರುವಾಗ ಪೂರ್ಣಿಮಾ ಸೀರೆ, ಪಾತ್ರೆಗಳ ಜೊತೆಗೆ ಆ ಬಾಯಿಯನ್ನೂ ತಂದಿದ್ದಳು.

ಆ ದಿನ ಮಧ್ಯಾಹ್ನ ರೂಪಾಲಿ ಎಂಬ ಕಾರವಾರದ ಕಾಲೇಜು ಹುಡುಗಿ ಮೊಬೈಲು ಹಿಡಿದು ಅವರ ಜಗಲಿ ಹತ್ತಿದಳು. ಯಾವ ದೇಶದವರು ಎಷ್ಟು ಸುಖವಾಗಿದ್ದಾರೆಂದು ಲೋಕದಲ್ಲೆಲ್ಲ ಕೇಳುತ್ತಾರಂತೆ. ಊರು, ನಡಾವಳಿ ಬೇರೆಯಾದರೆ ಸುಖವೂ ಬೇರೆಯಾಗುತ್ತದೋ ಎಂದು ಅವಳ ಮೇಷ್ಟರಿಗೆ ತಿಳಿಯಬೇಕಿತ್ತಂತೆ.

"ಒಂದು ಏಣಿ ಅದೆ ಅಂದ್ಕೊಳ್ಳಿ ಅಮ್ಮ. ಹತ್ತು ಮೆಟ್ಲು. ತುದೀಲಿದ್ರೆ ಪೂರಾ ಸುಖ. ನೀವು ಎಷ್ಟನೇ ಮೆಟ್ಲಲ್ಲಿದ್ರಿ?"

"ಎರಡು ಅಂತ ಹಾಕು," ಎಂದಳು ಅತ್ತೆ ವೈಜಯಂತಿ, ಸಿಗಡಿ ಸುಲಿಯುತ್ತ. "ಮೊದ್ಲ ನಂಬರು ಯಾರದ್ದು?"

"ಹಿಮ ಬೀಳೂ ದೇಶದವ್ರದ್ದು."

"ಅವ್ರ ಗಂಡಂದಿರು ದೋಣಿಗೆ ಹೋಗೂದಿಲ್ವೇನ?"

ಮೂವರೂ ನಕ್ಕರು. ಆ ನಗೆಯ ಉಮೇದಿನಲ್ಲೇ ಪೂರ್ಣಿಮಾ, "ನಂದು ಹತ್ತು! ಅದ್ಕಿಂತ ಮೇಲೆ ಇದ್ರೆ ಅದನ್ನೇ ಹಾಕು ತಂಗಿ. ನನ್ನಷ್ಟು ಸುಖದಲ್ಲಿ ಈ ಕೇರೀಲಿ ಯಾರೂ ಇಲ್ಲ," ಎಂದುಬಿಟ್ಟಳು.

ಅತ್ತೆಯ ಕೈ ಸಿಗಡಿಯ ಮೇಲೆ ಹಾಗೇ ನಿಂತಿತು. ಅವಳು ಸೊಸೆಯನ್ನು ನೋಡಲಿಲ್ಲ, ಕಡಲಿನ ಕಡೆ ನೋಡಿದಳು.

"ದೋಣಿ ಹೊರಗದೆ," ಎಂದಳು ಮೆಲ್ಲಗೆ.

ಅಷ್ಟೇ. ಬೈದಿದ್ದರೆ ಪೂರ್ಣಿಮಾಗೆ ಎಷ್ಟೋ ಹಿತವಾಗುತ್ತಿತ್ತು. ರೂಪಾಲಿ ಏನೂ ತಿಳಿಯದೆ ತನ್ನ ಫೋನ್ ನಂಬರು ಕೊಟ್ಟು ಪಕ್ಕದೂರು ಭಾವಿಕೇರಿಯ ದಾರಿ ಹಿಡಿದಳು.

ಗಾಳಿ ತಿರುಗಿದ್ದು ಆಮೇಲೆ. ಪಡುವಣದಲ್ಲಿ ಮೋಡ ಕಪ್ಪಗೆ ಕೂತಿತು; ಅಂಗಳದ ಬಟ್ಟೆಗಳು ತಂತಿ ಕಿತ್ತುಕೊಂಡು ಹೋಗುವಂತೆ ಹಾರಾಡಿದವು. ಒಂದೊಂದೇ ದೋಣಿ ದಡಕ್ಕೆ ಬರತೊಡಗಿತು. ಜಗದೀಶನದು ಬರಲಿಲ್ಲ. ಫೋನು ಹಚ್ಚಿದರೆ, ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಾವಳೋ ತಣ್ಣಗೆ ಹೇಳಿದಳು.

ಪೂರ್ಣಿಮಾ ಬಿ.ಕಾಂ. ಓದಿದವಳು. ಬಾಯಿಮಾತಿಗೂ ಗಾಳಿಗೂ ಸಂಬಂಧವಿಲ್ಲವೆಂದು ಅವಳು ಬಲ್ಲಳು. ಆದರೆ ಆ ತಿಳಿವಳಿಕೆ ಈಗ ನೆರವಿಗೆ ಬರಲಿಲ್ಲ. ತಾನೇ ನಾಲಿಗೆ ಚಾಚಿ ಗಂಡನನ್ನು ಕಡಲಿಗೆ ತೋರಿಸಿಕೊಟ್ಟೆನೇ, ಇಗೋ ಇವನಿಂದಲೇ ನನ್ನ ಸುಖ, ಬೇಕಾದರೆ ತೆಗೆದುಕೋ ಎಂದೆನೇ? ಹಿತ್ತಲಿಗೆ ಓಡಿ ರೂಪಾಲಿಗೆ ಫೋನ್ ಮಾಡಿದಳು.

"ತಂಗಿ, ನಂದು ಸೊನ್ನೆ ಮಾಡು."

"ಎಂತಕೆ ಅಕ್ಕ?"

"ಮಾಡು ಮಾರಾಯ್ತಿ! ಹತ್ತು ಅಂದದ್ದು ಸುಳ್ಳು."

"ಈಗ ಆಗೂದಿಲ್ಲಕ್ಕ. ಅದು ಮೊಬೈಲಿಂದ ಆಗ್ಲೇ ಮೇಲೆ ಹೋಗಿ ಆಯ್ತು."

"ಮೇಲೆ ಅಂದ್ರೆ? ಯಾರ ಹತ್ರ ಹೋಯ್ತು?"

ಹುಡುಗಿ ಏನೋ ಹೇಳುತ್ತಿದ್ದಳು. ಪೂರ್ಣಿಮಾಗೆ ಮುಂದಿನದು ಕೇಳಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಅದರಲ್ಲಿ ಇಷ್ಟು ಹೆದರಿಕೆ ತುಂಬಿದೆಯೆಂದು ಕಲಿಸಿದ ಯಾವ ಅಕ್ಕೋರೂ ಹೇಳಿರಲಿಲ್ಲ.

ಅತ್ತೆ ಆಗಲೇ ದಡದಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಆಚೆಮನೆಯ ಹೊನ್ನು. ಅವಳ ಗಂಡ ಜಟ್ಟಿ ಬೆಳಿಗ್ಗೆ ಒಬ್ಬನೇ ತನ್ನ ಸಣ್ಣ ದೋಣಿಯಲ್ಲಿ ಹೋಗಿದ್ದ. ಪೂರ್ಣಿಮಾ ಓಡಿಬಂದು ಅವರ ಬಳಿ ನಿಂತಳು. ಮಳೆಹನಿ ಓರೆಯಾಗಿ ಬಂದು ಮುಖಕ್ಕೆ ಚುಚ್ಚುತ್ತಿತ್ತು. ಪೂರ್ಣಿಮಾ ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಳು. ಇನ್ನು ಮೇಲೆ ನಗುವುದಿಲ್ಲ, ಹಾಡುವುದಿಲ್ಲ, ಹೊಸ ಸೀರೆ ಉಡುವುದಿಲ್ಲ, ಅವರೊಬ್ಬರು ಬಂದರೆ ಸಾಕು ಎಂದು ಒಳಗೊಳಗೇ ಗೋಗರೆದಳು.

ಕೊನೆಗೆ ಅಲೆಗಳ ನಡುವೆ ಕೆಂಪು ಬಣ್ಣದ ಮೂತಿಯೊಂದು ಎದ್ದಿತು, ಮುಳುಗಿತು, ಮತ್ತೆ ಎದ್ದಿತು. ಅವರದೇ ದೋಣಿ. ಕೂಗಬೇಕೆಂದು ಪೂರ್ಣಿಮಾ ಬಾಯಿ ತೆರೆದಳೋ ಇಲ್ಲವೋ, ಸಿಗಡಿ ವಾಸನೆಯ ಅಂಗೈಯೊಂದು ಆ ಬಾಯಿಯನ್ನು ಗಪ್ಪನೆ ಮುಚ್ಚಿತು.

"ಸುಮ್ಮಂಗಿರು," ಎಂದಳು ವೈಜಯಂತಿ.

ಇನ್ನೂ ದಡ ಮುಟ್ಟಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಪೂರ್ಣಿಮಾ ಕಾದಳು. ದೋಣಿ ದಡ ಮುಟ್ಟಿತು. ಜಗದೀಶ ನೀರಿಗೆ ಹಾರಿ ಹಗ್ಗ ಎಳೆದ. ಅತ್ತೆಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಆದರೆ ಕೈ ಮಾತ್ರ ಸೊಸೆಯ ಬಾಯಿ ಬಿಡಲಿಲ್ಲ. ಪೂರ್ಣಿಮಾ ಆ ಕೈಯನ್ನು ಕಿತ್ತು, "ಈಗ ಬಂದ್ರಲ್ಲ ಅತ್ತೆ!" ಎಂದಳು. ವೈಜಯಂತಿ ಗದ್ದ ಎತ್ತಿ ಪಕ್ಕಕ್ಕೆ ತೋರಿಸಿದಳು.

ಹೊನ್ನು ಮೊಣಕಾಲುದ್ದ ನೀರಿಗೆ ಇಳಿದಿದ್ದಳು.

"ಜಗ್ದೀಶಾ, ನಮ್ಮನೆಯವ್ರು ಎಲ್ಲಾದ್ರೂ ಕಂಡ್ರೇನೋ?"

ಜಗದೀಶ ಹಗ್ಗದಿಂದ ತಲೆ ಎತ್ತಲಿಲ್ಲ. "ಇಲ್ಲಕ್ಕ," ಎಂದ.

ಪೂರ್ಣಿಮಾಗೆ ಆಗ ನೆನಪಾಯಿತು. ಮಧ್ಯಾಹ್ನ ತಾನು ಜಂಬ ಕೊಚ್ಚುವಾಗ ಹೊನ್ನು ಬೇಲಿಯಾಚೆ ಮೀನು ಒಣಹಾಕುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ಆ ಮಾತು ತನ್ನ ಮನೆಯನ್ನು ಬಿಟ್ಟು ಪಕ್ಕದ ಮನೆಯ ಮೇಲೆ ಬಿತ್ತೇ? ಬಿದ್ದಿರಲಿಕ್ಕಿಲ್ಲ. ಆದರೆ ಈ ರಾತ್ರಿ ಹೊನ್ನು ಹಾಗೆಂದುಕೊಂಡರೆ, ಅವಳ ಕಣ್ಣನ್ನು ನಾಳೆ ಹೇಗೆ ನೋಡುವುದು?

ಒದ್ದೆಮುದ್ದೆಯಾದ ಜಗದೀಶ ಹಲ್ಲು ಬಿಡುತ್ತ ಹತ್ತಿರ ಬಂದ. "ಎಂತಾ ಹಂಗೆ ನೋಡ್ತೆ? ಜೀವಂತ ಬಂದ್ನಲ್ಲ ಮಾರಾಯ್ತಿ!"

"ನಗ್ಬೇಡಿ," ಎಂದಳು ಪೂರ್ಣಿಮಾ ಪಿಸುಗುಟ್ಟಿ. "ಹೊನ್ನಕ್ಕ ನಿಂತಿದಾಳೆ."

ಗಂಡನನ್ನು ಮುಟ್ಟದೆಯೇ ಅವಳು ನೀರಿಗಿಳಿದು ಹೊನ್ನುವಿನ ಪಕ್ಕಕ್ಕೆ ಹೋದಳು. ಕೈ ಹಿಡಿಯಲು ಹೆದರಿದಳು. ಹೊನ್ನುವೇ ತಡಕಾಡಿ ಅವಳ ಮುಂಗೈಯನ್ನು ಉಗುರು ಊರುವಂತೆ ಹಿಡಿದುಕೊಂಡಳು, ಮತ್ತು ಇಬ್ಬರೂ ಕಪ್ಪಾಗುತ್ತಿದ್ದ ನೀರನ್ನು ನೋಡುತ್ತ ನಿಂತರು.