ಪೂರ್ತಿ ಎರಡು ಗಂಟೆ

"ಒಳಗೆ ಬಂದ್ಮೇಲೆ ಮುಗಿಯೋವರೆಗೂ ಆಚೆ ಬಿಡಲ್ಲ. ಮನೆಯವ್ರು ಬಂದು ಸಹಿ ಹಾಕಿದ್ರೆ ಮಾತ್ರ," ಎಂದು ಕರ್ಟಿಸ್ ಎಪ್ಪತ್ತನೆಯ ಸಲ ಹೇಳಿ, ಹುಡುಗಿಯೊಬ್ಬಳ ಕೈಮೇಲೆ ಮುದ್ರೆ ಒತ್ತಿದ. ಶಾಲೆಯ ಆಟದ ಹಾಲಿನಲ್ಲಿ ಏಳನೇ ತರಗತಿಯವರ ಡ್ಯಾನ್ಸ್ ಶುರುವಾಗಿ ಅರ್ಧ ಗಂಟೆಯಾಗಿತ್ತು. ಡ್ಯಾನ್ಸ್ ಅನ್ನುವುದು ಹೆಸರಿಗೆ. ಹುಡುಗರು ಒಂದು ಗೋಡೆಗೆ, ಹುಡುಗಿಯರು ಇನ್ನೊಂದು ಗೋಡೆಗೆ ಅಂಟಿಕೊಂಡಿದ್ದರು. ನಡುವಿನ ಬಾಸ್ಕೆಟ್‌ಬಾಲ್ ಅಂಕಣ ಖಾಲಿ ಹೊಡೆಯುತ್ತಿತ್ತು.

ಬಾಗಿಲ ಮೇಜಿನಲ್ಲಿ ಅವನ ಜೊತೆಗಿದ್ದವಳು ವಾಂಡಾ. ಮೂವರು ಮೊಮ್ಮಕ್ಕಳನ್ನು ಸಾಕುತ್ತಿರುವ ಹೆಂಗಸು. ಹತ್ತು ವರ್ಷಗಳಲ್ಲಿ ಈ ಶಾಲೆಯ ಒಂದು ಡ್ಯಾನ್ಸನ್ನೂ ತಪ್ಪಿಸಿದವಳಲ್ಲ.

"ನಿನ್ನ ಮುಖ ಈ ಕಡೆ ಕಂಡಿದ್ದೇ ಇಲ್ವಲ್ಲಪ್ಪ," ಎಂದಳು. "ಮಾರೆನ್ ಅಪ್ಪ ಅಂದ್ರೆ ಡೇಲ್ ಅಂದ್ಕೊಂಡಿದ್ದೆ ನಾನು."

"ಡೇಲ್ ಅವಳಮ್ಮನ್ನ ಕಟ್ಕೊಂಡಿರೋನು. ಅಪ್ಪ ನಾನು."

"ಸರಿ ಬಿಡು. ಕಣ್ಣಿಗೆ ಬಿದ್ರೆ ತಾನೆ ಗೊತ್ತಾಗೋದು."

ಮಾತು ಚುರುಕ್ಕೆಂದಿತು. ವರ್ಷವೆಲ್ಲ ಜೋಳದ ಲಾರಿ ಓಡಿಸಿಕೊಂಡಿದ್ದವನಿಗೆ ಇಲ್ಲಿಗೆ ಬರುವ ಆಸೆಯೇನೂ ಇರಲಿಲ್ಲ. ಮುಂದಿನ ಗುರುವಾರ ಕೋರ್ಟಿನಲ್ಲಿ ವಿಚಾರಣೆ. ವಾರದಲ್ಲಿ ಅರ್ಧದಷ್ಟು ದಿನ ಮಗಳು ತನ್ನ ಮನೆಯಲ್ಲಿರಲಿ ಎಂದು ಅರ್ಜಿ ಹಾಕಿದ್ದ. "ಅವಳ ಶಾಲೆ ಬಾಗಿಲು ತುಳಿದಿದ್ದಕ್ಕೆ ಒಂದಾದ್ರೂ ಕಾಗದ ತನ್ನಿ," ಎಂದು ವಕೀಲ ರೇಗಿದ್ದ. ಬಾಗಿಲು ಕಾಯುವ ಈ ಸೇವೆಯೆಲ್ಲ ಅದಕ್ಕೆ. ಎಂಟೂವರೆಗೆ ಉಪಪ್ರಾಂಶುಪಾಲೆ ಓಬರ್‌ಹೋಲ್ಟ್ ಆ ಕಾಗದಕ್ಕೆ ಸಹಿ ಹಾಕಿಕೊಡುತ್ತಾಳೆ. ನಡುವೆ ಎದ್ದು ಹೋದವರಿಗೆ ಸಹಿ ಇಲ್ಲ ಎಂದು ಕಾಗದದ ಮೇಲೇ ಅಚ್ಚಾಗಿತ್ತು.

ಏಳೂಮುಕ್ಕಾಲಿಗೆ ಮಾರೆನ್ ಹೊರಗೆ ಬಂದಳು. ಹೊಸ ಚಪ್ಪಲಿ ಕೈಯಲ್ಲಿತ್ತು, ಮೂಗು ಕೆಂಪಾಗಿತ್ತು.

"ಅಪ್ಪಾ, ಮನೆಗೆ ಹೋಗೋಣ."

"ಏನಾಯ್ತೇ?"

"ಏನಿಲ್ಲ. ಹೋಗೋಣ ಅಷ್ಟೆ." ಆಮೇಲೆ ತಾನೇ ಹೇಳಿದಳು: "ನಾನು ಹೋಗಿ ನಿಂತ ಕೂಡ್ಲೇ ಅವ್ರೆಲ್ಲ ಆ ಕಡೆ ಹೋಗಿಬಿಡ್ತಾರೆ. ಮೂರು ಸಲ ಹಂಗೇ ಮಾಡಿದ್ರು. ಆಮೇಲೆ ನಗ್ತಾರೆ."

ಎರಡು ವರ್ಷಗಳಲ್ಲಿ ಮಗಳು ತಾನಾಗಿ ಅವನ ಹತ್ತಿರ ಬಂದು ಅತ್ತದ್ದು ಇದೇ ಮೊದಲು. ಕರ್ಟಿಸ್ ಎದ್ದೂ ನಿಂತ. "ಹೋಗು, ನಾನು ನೋಡ್ಕೋತೀನಿ," ಎಂದಳು ವಾಂಡಾ. ಎದ್ದವನು ಗೋಡೆಯ ಗಡಿಯಾರ ನೋಡಿದ.

"ಇನ್ನು ನಲವತ್ತೈದೇ ನಿಮಿಷ ಕಣೆ, ಬಂಗಾರಿ. ಇಲ್ಲೇ ನನ್ನ ಪಕ್ಕ ಕೂತ್ಕೋ. ಆಮೇಲೆ ಐಸ್‌ಕ್ರೀಂ ತಿನ್ನೋಕೆ ಹೋಗೋಣ."

"ಇಲ್ಲಿ ಕೂತ್ರೆ ಎಲ್ರೂ ನೋಡ್ತಾರೆ."

"ಈಗ ಎದ್ದು ಬಂದ್ರೆ ಕೋರ್ಟಿಗೆ ಕೊಡೋ ಕಾಗದ ಸಿಗಲ್ಲ, ಮಾರೆನ್. ನಿನಗೋಸ್ಕರಾನೇ ತಾನೆ ಇದೆಲ್ಲ?"

ಅವಳು ಮೇಜಿನ ಮೇಲಿದ್ದ ಕಾಗದ ನೋಡಿದಳು, ಆಮೇಲೆ ಅವನನ್ನು.

"ಓ. ಅದಕ್ಕೆ ಬಂದಿದ್ದಾ," ಎಂದಳು. ಅಳು ನಿಂತುಹೋಗಿತ್ತು. ವಾಂಡಾಳ ಫೋನ್ ಕೇಳಿ ತೆಗೆದುಕೊಂಡು, ಬಾಗಿಲ ಆಚೆ ಬದಿಗೆ ಹೋಗಿ ಮಾತಾಡಿದಳು.

ಹತ್ತು ನಿಮಿಷಕ್ಕೆ ಡೇಲ್ ಬಂದ. ಪ್ಯಾಂಟಿನ ಮೇಲೆ ಬಣ್ಣದ ಕಲೆ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

"ಲೈಸೆನ್ಸ್ ತೋರ್ಸಿ," ಎಂದ ಕರ್ಟಿಸ್.

"ನಾನು ಯಾರು ಅಂತ ಗೊತ್ತಲ್ಲ ನಿಮ್ಗೆ."

"ರೂಲ್ಸು."

ಡೇಲ್ ತೆಗೆದು ಕೊಟ್ಟ. ಕರ್ಟಿಸ್ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ, ಪೋಲೀಸನ ಹಾಗೆ ಮುಖಕ್ಕೆ ಹೋಲಿಸಿ ನೋಡಿದ. ಇಷ್ಟು ಸಣ್ಣತನ ಬೇಕಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಪಟ್ಟಿಯಲ್ಲಿ ಡೇಲ್ 'ಮಲತಂದೆ' ಎಂದು ಬರೆದು ಸಹಿ ಹಾಕಿದ. ಪಕ್ಕದಲ್ಲಿ 'ಮಗುವನ್ನು ಒಪ್ಪಿಸಿದವರು' ಎಂಬ ಜಾಗ ಖಾಲಿ ಇತ್ತು. ಬಾಗಿಲು ಕಾಯುವವರು ಅಲ್ಲಿ ಸಹಿ ಹಾಕದೆ ಯಾರನ್ನೂ ಬಿಡುವಂತಿರಲಿಲ್ಲ.

ಮಾರೆನ್ ಚಪ್ಪಲಿ ಹಿಡಿದುಕೊಂಡು ಕಾಯುತ್ತಿದ್ದಳು.

"ಹಾಕಪ್ಪ, ಹುಡುಗಿ ನಿಂತಿದಾಳೆ," ಎಂದಳು ವಾಂಡಾ.

ಕರ್ಟಿಸ್ ಸಹಿ ಹಾಕಿದ.

ಎಂಟೂವರೆಗೆ ಓಬರ್‌ಹೋಲ್ಟ್ ಪೆನ್ನು ಹಿಡಿದು ಬಂದಳು. "ಪೂರ್ತಿ ಎರಡು ಗಂಟೆ ಕೂತಿದೀರಿ. ಇಂಥ ಅಪ್ಪಂದ್ರು ನಮಗೆ ಸಿಗೋದೇ ಕಮ್ಮಿ," ಎಂದು, ಅದನ್ನೇ ಕಾಗದದ ಮೇಲೂ ಬರೆದಳು. "ನಿಮ್ಮ ಮಗು ಎಲ್ಲಿ, ಕಾಣ್ಲಿಲ್ಲ?"

"ಮನೆಗೆ ಹೋದ್ಲು."

ವಾಂಡಾ ತಲೆಯೆತ್ತದೆ ಕುರ್ಚಿಗಳನ್ನು ಮಡಿಸುತ್ತಿದ್ದಳು.

"ಟೈಮೂ ಬರೀರಿ ಮೇಡಂ," ಎಂದ ಕರ್ಟಿಸ್. "ಎಂಟೂವರೆವರೆಗೆ ಅಂತ."

ಬೇಸಿಗೆಯ ದೀರ್ಘ ಹಗಲು; ಹೊರಗೆ ಇನ್ನೂ ಬೆಳಕಿತ್ತು. ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಅವನು ಬಾಗಿಲು ಹಿಡಿದುಕೊಂಡು, ಒಂದೊಂದೇ ಹೆಸರು ಕೂಗಿ ಮಕ್ಕಳನ್ನು ಮನೆಯವರ ಹತ್ತಿರ ಕಳಿಸಿದ.