ಬಾಣಲೆಯಲ್ಲಿ ಸಿಕ್ಕಿಬಿದ್ದ ಸೊಲೆನಾಯ್ಡ್

ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕು ಎಂದು ಯಾರಾದರೂ ಹೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಒಳಗೆ ಕೆಟ್ಟದ್ದು ಯಾವುದೆಂದು ಹುಡುಕುವ ತಾಳ್ಮೆ ಇಲ್ಲದವರ ಮಾತು ಅದು. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನನ್ನ ಗ್ಯಾರೇಜಿಗೆ ಹದಿನೆಂಟು ವರ್ಷವಾಯಿತು. ಚಂದ್ರಾಮ ಕೈ ಹಾಕಿದ ಆಟೋಮ್ಯಾಟಿಕ್ ಗಾಡಿ ಮತ್ತೆ ಕೆಡುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಕಳೆದ ಮೇ ತಿಂಗಳಲ್ಲಿ ಆ ಜಂಬ ಇಳಿಯಿತು.

ಗಾಡಿ ಪ್ರಿಯಂವದಾ ಮೇಡಂ ಅವರದು. ಮೈಸೂರಿನವರು, ಮಲಾಡಿನಲ್ಲಿ ಮನೆ. ಲಕ್ವಾ ಹೊಡೆದು ಮಲಗಿದವರ ಮನೆಗೇ ಹೋಗಿ, ಕೈಕಾಲು ಆಡಿಸಿ, ಎಬ್ಬಿಸಿ ನಡೆಸುವ ಫಿಸಿಯೋಥೆರಪಿಸ್ಟ್. ಅವರ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಕ್ಲಚ್ ಒತ್ತುವ ಕಾಲೇ ಅದು. ಹಾಗಾಗಿ ಆಟೋಮ್ಯಾಟಿಕ್ ಬಿಟ್ಟರೆ ಬೇರೆ ಕಾರು ಓಡಿಸಲಾರರು. ಗಿಜಿಗುಡುವ ಲೋಕಲ್ ರೈಲು ಹತ್ತುವ ಮಾತಂತೂ ದೂರ. ಆ ಕಾರು ಅರ್ಧ ತಾಸು ಓಡಿದ ಮೇಲೆ ಮೂರನೇ ಗೇರಿಗೆ ಕಚ್ಚಿಕೊಂಡು ತೆವಳುತ್ತಿತ್ತು. ಮಲಾಡಿನ ದೊಡ್ಡ ವರ್ಕ್‌ಶಾಪಿನ ಸೂಪರ್‌ವೈಸರ್, ಗೇರ್‌ಬಾಕ್ಸ್ ಹೋಗಿದೆ, ಈ ಮಾಡೆಲ್ಲಿನದು ಈಗ ಬರುವುದಿಲ್ಲ, ಗಾಡಿ ಗುಜರಿಗೆ ಹಾಕಿ ಮನೆಯಲ್ಲಿ ಆರಾಮಾಗಿರಿ ಎಂದಿದ್ದನಂತೆ.

"ಈ ಕಾರು ನಿಂತ್ರೆ ನನ್ನ ಕೆಲಸಾನೂ ನಿಂತ ಹಾಗೆ, ಚಂದ್ರಾಮ ಅವರೇ," ಎಂದರು ಮೇಡಂ.

"ನಾ ಅದೀನಲ್ರಿ," ಎಂದುಬಿಟ್ಟೆ.

ಸ್ಕ್ಯಾನರ್ ಹಚ್ಚಿದಾಗ ಅದು ಸೊಲೆನಾಯ್ಡಿನ ಕಡೆ ಬೊಟ್ಟು ಮಾಡಿತು, ಯಾವುದೆಂದು ಬಿಡಿಸಿ ಹೇಳಲಿಲ್ಲ. ಸೊಲೆನಾಯ್ಡ್ ಎಂದರೆ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಮುಳುಗಿ ಕೂತ ಬೆರಳುದ್ದದ ಸಾಮಾನು. ಅದರೊಳಗಿನ ತಾಮ್ರದ ಸುರುಳಿಗೆ ಕರೆಂಟು ಬಂದರೆ ಎಣ್ಣೆಯ ದಾರಿ ತೆರೆದು ಗೇರು ಬದಲಾಗುತ್ತದೆ. ಈ ಗಾಡಿಯಲ್ಲಿ ಅಂಥವು ಐದು. ಬಿಚ್ಚಿ ಒಂದೊಂದಕ್ಕೂ ಮೀಟರ್ ಇಟ್ಟು, ಸುರುಳಿ ಕಡಿದಿದೆಯೇ ಎಂದು ನೋಡಿದೆ, ಐದೂ ಸರಿಯಿದ್ದವು. ವೈರಿನ ಕನೆಕ್ಟರ್ ಕೊಳೆಯಾಗಿತ್ತು. ಅದೇ ಕಾರಣವಿರಬೇಕೆಂದು ಅದನ್ನು ತೊಳೆದು, ಹೊಸ ಎಣ್ಣೆ ಹಾಕಿ ಗಾಡಿ ಕೊಟ್ಟೆ.

ಮರುದಿನವೇ ಫೋನು ಬಂತು. ದಾದರಿನ ಬ್ರಿಡ್ಜಿನ ಏರಿನಲ್ಲಿ ಕಾರು ಮತ್ತೆ ಕಚ್ಚಿಕೊಂಡಿತ್ತು, ಹಿಂದೆ ಬಸ್ಸು, ಟ್ಯಾಕ್ಸಿಗಳು ಹಾರ್ನ್ ಬಾರಿಸುತ್ತಿದ್ದವು. ಮೇಡಂ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು, ನಾಚಿಕೆಯಿಂದ ಅಂದು ನನಗೆ ಊಟ ಸೇರಲಿಲ್ಲ.

ಮತ್ತೆ ಬಿಚ್ಚಿದೆ. ಮತ್ತೆ ಐದೂ ಸರಿ. ಸಿಟ್ಟಿನಲ್ಲಿ ಬೀಸಿ ಒಗೆದ ನಟ್ಟು ಬಿಚ್ಚುವ ಪಾನಾ ಹೋಗಿ ಭಾಗವ್ವನ ತಳ್ಳುಗಾಡಿಗೆ ಬಡಿಯಿತು. ಭಾಗವ್ವ ನನ್ನ ಹೆಂಡತಿ, ಗ್ಯಾರೇಜಿನ ಮುಂದೆಯೇ ಮೆಣಸಿನಕಾಯಿ ಭಜಿ ಕರಿಯುತ್ತಾಳೆ.

"ನನ್ನ ಗಾಡಿ ಮ್ಯಾಲ ಯಾಕ್ರಿ ಸಿಟ್ಟು? ಅವರ ಗಾಡಿ ಯಾವಾಗ ಕೆಡತೈತಿ, ಅದನ್ನ ಹೇಳ್ರಿ," ಎಂದಳು.

"ಅರ್ಧ ತಾಸು ಓಡಿದ ಮ್ಯಾಲ. ಎಣ್ಣಿ ಕಾದ ಮ್ಯಾಲ."

"ಮತ್ತ ನೀವು ತಣ್ಣಗ ಇದ್ದಾಗ ನೋಡಿ ಚೊಲೋ ಐತಿ ಅಂತೀರಿ. ಹಿಟ್ಟಿನ ಹದ ಬಂದೈತೋ ಇಲ್ಲೋ ಅಂತ ನಾ ತಣ್ಣನ ಎಣ್ಣ್ಯಾಗ ನೋಡ್ತೀನೇನು?"

ನಾನು ಪಾನಾ ಹೆಕ್ಕಿಕೊಂಡು, ಮೆಲ್ಲಗೆ ಅವಳ ಹಳೇ ಬಾಣಲೆ ಕೇಳಿದೆ.

"ಇದು ಮತ್ತ ಭಜಿಗೆ ಬರಂಗಿಲ್ಲ, ನೆನಪಿರಲಿ," ಎಂದು ಕೊಟ್ಟಳು.

ಬಾಣಲೆಗೆ ಗೇರ್‌ಬಾಕ್ಸಿನ ಎಣ್ಣೆ ಸುರಿದು ಥರ್ಮಾಮೀಟರ್ ಇಳಿಬಿಟ್ಟೆ. ತೊಂಬತ್ತು ಡಿಗ್ರಿ ದಾಟಬಾರದು ಎಂದು ಹೇಳಿ ಉರಿಯನ್ನು ಭಾಗವ್ವನ ಕೈಗೆ ಬಿಟ್ಟೆ. ಒಂದೊಂದೇ ಸೊಲೆನಾಯ್ಡನ್ನು ವೈರಿಗೆ ಕಟ್ಟಿ ಮುಳುಗಿಸಿ, ಮೀಟರ್ ನೋಡುತ್ತ ಕೂತೆ. ಮೊದಲನೆಯದು ಸರಿಯಿತ್ತು, ಎರಡನೆಯದೂ ಸರಿಯಿತ್ತು. ಮೂರನೆಯದು ಎಂಬತ್ತು ಡಿಗ್ರಿ ದಾಟಿದ್ದೇ ತಡ, ಮೀಟರಿನ ಅಂಕಿ ಹಾರಿಹೋಯಿತು. ಎತ್ತಿ ತಣಿಯಲು ಬಿಟ್ಟೆ, ಅಂಕಿ ವಾಪಸ್ಸು ಬಂತು. ಮತ್ತೆ ಇಳಿಸಿದೆ, ಮತ್ತೆ ಮಾಯ. ಒಳಗೆಲ್ಲೋ ಕಡಿದ ತಂತಿ ಬಿಸಿಗೆ ಬಿಟ್ಟುಕೊಂಡು, ತಣಿದಾಗ ಏನೂ ಅರಿಯದವರ ಹಾಗೆ ಕೂಡಿಕೊಳ್ಳುತ್ತಿತ್ತು.

"ಸಿಕ್ಕಿ ಮಗನ," ಎಂದೆ ಸೊಲೆನಾಯ್ಡಿಗೆ. ಭಾಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕಳು.

ಉಳಿದೆರಡು ಬಿಸಿ ಎಣ್ಣೆಯಲ್ಲೂ ಸರಿಯಿದ್ದವು. ಕುರ್ಲಾದ ಗುಜರಿಯಲ್ಲಿ ಅದೇ ಮಾಡೆಲ್ಲಿನ ಹಳೇ ಗೇರ್‌ಬಾಕ್ಸಿನಿಂದ ಒಂದು ಸೊಲೆನಾಯ್ಡ್ ಹುಡುಕಿ ತಂದೆ. ಅದನ್ನೂ ಬಾಣಲೆಗೆ ಇಳಿಸಿ ನೋಡಿಯೇ ಕೂರಿಸಿದೆ.

ಮಟಮಟ ಮಧ್ಯಾಹ್ನ ಮೇಡಂ ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕೂತೆ. ಎಣ್ಣೆ ಚೆನ್ನಾಗಿ ಕಾಯಲಿ ಎಂದು ಬೇಕೆಂದೇ ಒಂದು ತಾಸು ಟ್ರಾಫಿಕ್ ಜಾಮಿನಲ್ಲಿ ಸುತ್ತಿದೆವು. ದಾದರಿನ ಬ್ರಿಡ್ಜ್ ಬಂತು. ಅರ್ಧ ಏರಿನಲ್ಲಿ ಟ್ರಾಫಿಕ್ ನಿಂತಿತು, ನಾವೂ ನಿಂತೆವು. ಮುಂದಿನ ಟ್ಯಾಕ್ಸಿ ಹೊರಟಾಗ ಮೇಡಂ ಬ್ರೇಕ್ ಬಿಟ್ಟರು. ಒಂದನೇ ಗೇರಿನಲ್ಲಿ ಕಾರು ಮುನ್ನುಗ್ಗಿತು, ಎರಡನೆಯದು ಬಿತ್ತು, ಇಳಿಜಾರಿಗೆ ಬರುವಷ್ಟರಲ್ಲಿ ಮೂರು ದಾಟಿ ನಾಲ್ಕಕ್ಕೆ ಹೋಗಿತ್ತು. ಮೇಡಂ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತ್ತು, ಕಿಟಕಿಯ ಕಡೆ ತಿರುಗಿ ಕೂತೆ.

"ನಿಮ್ಮನ್ನ ವಾಪಸ್ ಬಿಡ್ಲಾ?" ಎಂದು ಕೇಳಿದರು.

"ಬ್ಯಾಡ್ರಿ, ಮಲಾಡಿಗೆ ನಡೀರಿ. ಆ ವರ್ಕ್‌ಶಾಪ್ ನಾ ಒಮ್ಮಿ ನೋಡಬೇಕು."

ಮೇಡಂ ಕಾರನ್ನು ಗೇಟಿನೊಳಗೆ ನುಗ್ಗಿಸಿ, ಆಫೀಸಿನ ಗಾಜಿನ ಬಾಗಿಲ ಮುಂದೆಯೇ ನಿಲ್ಲಿಸಿದರು. ಸೂಪರ್‌ವೈಸರ್ ಹೊರಗೆ ಬಂದು ಕಾರನ್ನು ಒಂದು ಸುತ್ತು ಹಾಕಿದ. ಗೇರ್‌ಬಾಕ್ಸ್ ಎಲ್ಲಿ ಸಿಕ್ಕಿತು ಎಂದು ಹಿಂದಿಯಲ್ಲಿ ಕೇಳಿದ.

"ಅದೇ ಹಳೇದು," ಎಂದರು ಮೇಡಂ, ಹಿಂದಿಯಲ್ಲೇ.

"ಮತ್ತೆ ಏನು ಮಾಡಿದರು?"

"ಬಾಣಲೆಯಲ್ಲಿ ಹಾಕಿ ಕಾಯಿಸಿದರು."

ಅವನು ಬಾಯಿ ತೆರೆದು ನನ್ನನ್ನು ನೋಡಿದ. ಒಳಗೆ ಬಂದು ಕೂತು ಟೀ ಕುಡಿದು, ಆರಾಮಾಗಿ ಎಲ್ಲ ಹೇಳಿ ಎಂದ.

"ಆರಾಮಾಗಿರೋಕೆ ನನಗೆ ಪುರುಸೊತ್ತಿಲ್ಲ," ಎಂದರು ಮೇಡಂ, ಗೇರನ್ನು ರಿವರ್ಸಿಗೆ ಎಳೆಯುತ್ತ. "ನಾಲ್ಕು ಗಂಟೆಗೆ ಪೇಷಂಟ್ ಕಾಯ್ತಿದ್ದಾರೆ."